ಮಲ್ಟಿವಿಟಮಿನ್ ಮಾತ್ರೆಯೊಳಗೆ ಏನೇನಿದೆ, ಎಷ್ಟು ಸೇಫು: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ್ ಬರೆದುಕೊಟ್ಟಿದ್ದೋ, ಫ್ರೆಂಡ್ ಹೇಳಿದ್ದೋ, ಫೋನಲ್ಲಿ ಜಾಹೀರಾತು ನೋಡಿ ತರಿಸಿದ್ದೋ, ಒಟ್ನಲ್ಲಿ ಮನೇಲಿ ಯಾರಾದ್ರೂ ಒಬ್ರು ಮಲ್ಟಿವಿಟಮಿನ್ ತಗೋತಾ ಇರ್ತಾರೆ. ನಾನು ಕೆಲವು ವರ್ಷ ಔಷಧಿ ಅಂಗಡಿ ಕೌಂಟರ್‌ನಲ್ಲಿ ಕೆಲಸ ಮಾಡಿದೀನಿ. ಅಲ್ಲಿ ಜನ ಕೇಳ್ತಿದ್ದ ಪ್ರಶ್ನೆಗಳು, ಈಗಲೂ ನೆಂಟರು ಫೋನ್ ಮಾಡಿ ಕೇಳೋ ಪ್ರಶ್ನೆಗಳು, ಎಲ್ಲಾ ಸೇರಿಸಿ ಇಲ್ಲಿ ಬರ್ದಿದೀನಿ. ಬಾಟಲಿ ಒಳಗೆ ಯಾವ್ದೋ ಕೆಟ್ಟ ಕೆಮಿಕಲ್ ಇದೆ ಅಂತ ಹೆದರೋರು ಜಾಸ್ತಿ. ಆದ್ರೆ ನಾನು ನೋಡಿರೋ ಹಾಗೆ ತೊಂದರೆ ಬರೋದು ಹೆಚ್ಚಾಗಿ ಒಳ್ಳೇ ಪದಾರ್ಥದಿಂದಲೇ, ಅದೇ ಜಿಂಕು ಅದೇ ವಿಟಮಿನ್ನು ಮೂರು ಬಾಟಲಿಯಿಂದ ಒಂದೇ ಹೊಟ್ಟೆಗೆ ಹೋದಾಗ.

ಅಂಗಡೀಲಿ ಮಾರ್ತಿದಾರೆ ಅಂದ್ಮೇಲೆ ಯಾರೋ ಟೆಸ್ಟ್ ಮಾಡಿ ಒಪ್ಪಿಗೆ ಕೊಟ್ಟಿರ್ತಾರೆ ಅಲ್ವಾ?

ಇಲ್ಲ. ಬಿಪಿ ಮಾತ್ರೆನೋ ಶುಗರ್ ಮಾತ್ರೆನೋ ಆದ್ರೆ ಮಾರುಕಟ್ಟೆಗೆ ಬರೋ ಮುಂಚೆ ಅದು ಕೆಲಸ ಮಾಡತ್ತೆ, ಸೇಫ್ ಇದೆ ಅಂತ ಕಂಪನಿಯವರು ಸಾಬೀತು ಮಾಡ್ಬೇಕು. ಸಪ್ಲಿಮೆಂಟ್ ಹಾಗಲ್ಲ, ಎಷ್ಟೋ ದೇಶಗಳಲ್ಲಿ ಅದು ಆಹಾರದ ಕಾನೂನಿಗೆ ಸೇರತ್ತೆ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಎಫ್‌ಡಿಎ (ಅಲ್ಲಿನ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಬೇಕಿಲ್ಲ, ಸೇಫಾಗಿ ತಯಾರಿಸೋ ಹೊಣೆ ಕಂಪನಿದು, ತೊಂದರೆ ಕಂಡ್ಮೇಲೆ ಕ್ರಮ ತಗೊಳ್ಳೋದು ಎಫ್‌ಡಿಎ. ಸಪ್ಲಿಮೆಂಟ್ ತಯಾರಿಕೆಗೇ ಅಂತ ಅಲ್ಲಿ ಪ್ರತ್ಯೇಕ ನಿಯಮ ಬಂದಿದ್ದು 2007ರಲ್ಲಿ. ಹಾಗಂತ ಎಲ್ಲಾ ಕಂಪನಿಗಳೂ ಮೋಸ ಅಂತಲ್ಲ, ಒಳ್ಳೇ ಲ್ಯಾಬ್ ಇಟ್ಕೊಂಡು ಪ್ರತಿ ಬ್ಯಾಚ್ ಪರೀಕ್ಷೆ ಮಾಡೋರೂ ಇದಾರೆ. ಆದ್ರೆ ಬಾಟಲಿ ಶೆಲ್ಫ್ ಮೇಲಿದೆ ಅನ್ನೋದೊಂದೇ ಗ್ಯಾರಂಟಿ ಅಲ್ಲ.

ಲೇಬಲ್ ಮೇಲೆ ಶೇಕಡಾ ಲೆಕ್ಕ ಇರತ್ತಲ್ಲ, 100 ದಾಟಿದ್ರೆ ಅಪಾಯನಾ?

ದಾಟಿದ ಕೂಡ್ಲೇ ಅಪಾಯ ಇಲ್ಲ. ಇಲ್ಲಿ ಎರಡು ಅಳತೆ ಇದೆ, ಜನ ಎರಡನ್ನೂ ಒಂದೇ ಅಂದ್ಕೋತಾರೆ. ಒಂದು, ದಿನಕ್ಕೆ ಎಷ್ಟು ಬೇಕು ಅನ್ನೋದು, ಲೇಬಲ್ ಮೇಲಿನ ಶೇಕಡಾ ಇದರ ಲೆಕ್ಕ. ಇನ್ನೊಂದು, ದಿನಾ ತಗೊಳ್ಳೋದಾದ್ರೆ ಎಲ್ಲಿ ನಿಲ್ಲಿಸ್ಬೇಕು ಅನ್ನೋ ಮೇಲಿನ ಮಿತಿ, ಇದು ಲೇಬಲ್ ಮೇಲೆ ಸಾಮಾನ್ಯವಾಗಿ ಇರೋದೇ ಇಲ್ಲ, ನಾವೇ ತಿಳ್ಕೊಂಡಿರ್ಬೇಕು.

ಈ ಎರಡರ ನಡುವಿನ ಅಂತರ ಒಂದೊಂದಕ್ಕೆ ಒಂದೊಂದು ಥರ. ವಿಟಮಿನ್ ಸಿ ಗಂಡಸರಿಗೆ ದಿನಕ್ಕೆ 90 ಮಿಲಿಗ್ರಾಂ ಸಾಕು, ಮಿತಿ 2000, ಅಂದ್ರೆ ತುಂಬಾ ಜಾಗ ಇದೆ. ಬಿ12ಗೆ ಮೇಲಿನ ಮಿತಿಯನ್ನೇ ಇಟ್ಟಿಲ್ಲ. ಆದ್ರೆ ವಿಟಮಿನ್ ಎ 900 ಮೈಕ್ರೋಗ್ರಾಂ ಬೇಕು, ಮಿತಿ 3000. ಜಿಂಕ್ 11 ಮಿಲಿಗ್ರಾಂ ಬೇಕು, ಮಿತಿ 40. ಇವುಗಳಲ್ಲಿ ಎರಡು ಬಾಟಲಿ ಸೇರಿದ್ರೆ ಗಡಿ ಹತ್ತಿರ ಬಂದೇಬಿಡತ್ತೆ. ಹಾಗಾಗಿ ಬಿ12 ಎದುರು 1000 ಪರ್ಸೆಂಟ್ ನೋಡಿ ಗಾಬರಿ ಆಗ್ಬೇಡಿ, ವಿಟಮಿನ್ ಎ ಎದುರು 250 ಪರ್ಸೆಂಟ್ ಇದ್ರೆ ಸ್ವಲ್ಪ ನಿಂತು ನೋಡಿ. ಈ ಮಿತಿಗಳೆಲ್ಲಾ ದೊಡ್ಡವರದ್ದು, ಮಕ್ಕಳದ್ದು ಇದಕ್ಕಿಂತ ತುಂಬಾ ಕಮ್ಮಿ.

ಬಿ ವಿಟಮಿನ್ ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗ್ಬಿಡತ್ತೆ ಅಂತಾರೆ, ಮತ್ತೆ ಭಯ ಯಾಕೆ?

ಅರ್ಧ ನಿಜ. ಮಾತ್ರೆ ತಗೊಂಡ ಮೇಲೆ ಮೂತ್ರ ಗಾಢ ಹಳದಿ ಆಗತ್ತಲ್ಲ, ಅದು ಬಿ2 ಹೊರಗೆ ಹೋಗ್ತಿರೋದು, ಅದರಿಂದ ಏನೂ ಆಗಲ್ಲ. ಎ, ಡಿ, ಇ, ಕೆ ಈ ನಾಲ್ಕು ಕೊಬ್ಬಲ್ಲಿ ಕರಗೋವು, ಅದರಲ್ಲೂ ಎ ಲಿವರ್‌ನಲ್ಲಿ ತಿಂಗಳುಗಟ್ಟಲೆ ಕೂತಿರತ್ತೆ, ಡಿ ಕೊಬ್ಬಲ್ಲಿ ಕೂತಿರತ್ತೆ, ಉಳಿದವು ನೀರಲ್ಲಿ ಕರಗೋವು. ಇಷ್ಟು ಎಲ್ರಿಗೂ ಗೊತ್ತು.

ಆದ್ರೆ ಬಿ6 ಈ ನಂಬಿಕೆಗೆ ಸರಿಯಾಗಿ ಹೊಂದಲ್ಲ. ದಿನಕ್ಕೆ ಬೇಕಿರೋದು ಬರೀ 1.3 ಮಿಲಿಗ್ರಾಂ, ವಯಸ್ಸಾದವರಿಗೆ ಸ್ವಲ್ಪ ಜಾಸ್ತಿ. ತಿಂಗಳಾನುಗಟ್ಟಲೆ ದೊಡ್ಡ ಡೋಸಲ್ಲಿ ತಗೊಂಡ್ರೆ ಕೈಕಾಲಿನ ನರಗಳಿಗೇ ಹಾನಿ ಮಾಡತ್ತೆ, ಜೋಮು ಹಿಡಿದ ಹಾಗೆ, ಸೂಜಿ ಚುಚ್ಚಿದ ಹಾಗೆ, ಪಾದ ನೆಲಕ್ಕೆ ಸರಿಯಾಗಿ ತಾಗ್ತಿಲ್ಲ ಅನ್ನೋ ಹಾಗೆ. ಅಮೆರಿಕದ ಮಿತಿ ದಿನಕ್ಕೆ 100 ಮಿಲಿಗ್ರಾಂ, ಆದ್ರೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಎಫ್‌ಎಸ್‌ಎ 2023ರಲ್ಲಿ ತನ್ನ ಮಿತಿಯನ್ನ 12ಕ್ಕೆ ಇಳಿಸ್ತು. ನನ್ನ ಕೇಳಿದ್ರೆ, ಡಾಕ್ಟರ್ ಬೇರೆ ಕಾರಣಕ್ಕೆ ಬರೆದುಕೊಟ್ಟಿಲ್ಲ ಅಂದ್ರೆ 12ರ ಹತ್ತಿರ ಇರೋದೇ ವಾಸಿ.

ನಯಾಸಿನ್ ಅಂತ ಇನ್ನೊಂದು ಇದೆ, ಬಿ3. ಅದು ನಿಕೋಟಿನಿಕ್ ಆಸಿಡ್ ರೂಪದಲ್ಲಿದ್ರೆ ಮುಖ ಕುತ್ತಿಗೆ ಕೆಂಪಾಗಿ ಉರಿ ಬರತ್ತೆ. ಅಲರ್ಜಿ ಆಯ್ತು ಅಂತ ಓಡಿಬಂದವರನ್ನ ನಾನೇ ನೋಡಿದೀನಿ.

ಎರಡು ಮೂರು ಸಪ್ಲಿಮೆಂಟ್ ಒಟ್ಟಿಗೆ ತಗೊಂಡ್ರೆ ಏನಾಗತ್ತೆ?

ನಮ್ಮ ಅತ್ತೆ ಕಥೆ ಹೇಳ್ತೀನಿ ಇರಿ. ಒಂದು ಸಲ ಅವರ ಮನೆಗೆ ಹೋದಾಗ ಪಾದದಲ್ಲಿ ಜೋಮು ಬರತ್ತೆ ಕಣಪ್ಪಾ ಅಂದ್ರು. ಏನೇನ್ ತಗೋತೀರಾ ಅತ್ತೆ ಅಂದೆ, ಏನಿಲ್ಲ ಒಂದು ವಿಟಮಿನ್ ಮಾತ್ರೆ ಅಷ್ಟೇ ಅಂದ್ರು. ಕಪಾಟು ತೆಗೆದು ನೋಡಿದ್ರೆ ನಾಲ್ಕು ಬಾಟಲಿ. ಮೇಜಿನ ಮೇಲೆ ಸಾಲಾಗಿಟ್ಟು, ಕನ್ನಡಕ ಹಾಕ್ಕೊಂಡು, ಒಂದು ಹಾಳೆ ಮೇಲೆ ಇಬ್ಬರೂ ಕೂತು ಬರೆದ್ವಿ. ಮಲ್ಟಿವಿಟಮಿನ್‌ನಲ್ಲಿ ಜಿಂಕ್ 15, ಬಿ6 3. ಕೂದಲಿಗೆ ಅಂತ ಇದ್ದ ಮಾತ್ರೇಲಿ ಜಿಂಕ್ 25, ಬಿ6 10. ಇಮ್ಯುನಿಟಿಗೆ ಅಂತ ಇದ್ದದ್ರಲ್ಲಿ ಜಿಂಕ್ 22. ನರದ ಮಾತ್ರೆ ಅಂತ ಯಾರೋ ಹೇಳಿದ್ದ ಬಿ ಕಾಂಪ್ಲೆಕ್ಸ್‌ನಲ್ಲಿ ಬಿ6 50. ಕೂಡಿದ್ರೆ ದಿನಕ್ಕೆ ಜಿಂಕ್ 62 ಮಿಲಿಗ್ರಾಂ, ಬಿ6 63 ಮಿಲಿಗ್ರಾಂ. ಬಾಟಲಿ ಒಂದೊಂದಾಗಿ ನೋಡಿದ್ರೆ ಜಿಂಕ್ ಎಲ್ಲೂ ಮಿತಿ ದಾಟಿಲ್ಲ, ಕೂಡಿದ್ರೆ ಒಂದೂವರೆ ಪಟ್ಟು. ಜೋಮಿಗೆ ಅಂತ ತಗೋತಿದ್ದ ಮಾತ್ರೇಲೇ ಜೋಮು ತರೋ ವಿಟಮಿನ್ ಅಷ್ಟೊಂದಿತ್ತು. ಅವರ ಜೋಮು ಅದರಿಂದಲೇ ಬಂತು ಅಂತ ನಾನು ಹೇಳಲ್ಲ, ಆದ್ರೆ ಆ ಹಾಳೆ ಹಿಡ್ಕೊಂಡು ಡಾಕ್ಟರ್ ಹತ್ರ ಹೋದಾಗ ಅವರು ಮೊದಲು ಮಾಡಿದ ಕೆಲಸ ಮೂರು ಬಾಟಲಿ ನಿಲ್ಲಿಸಿದ್ದು.

ಜಿಂಕ್ ಜಾಸ್ತಿ ಆದ್ರೆ ಏನು ಅಂತ ಕೇಳಿದ್ರೆ, ಅದು ತಾಮ್ರವನ್ನ ಹೊರಗೆ ಹಾಕತ್ತೆ. ಜಿಂಕ್ ಹೆಚ್ಚಾದಾಗ ಕರುಳಿನ ಒಳಪದರದ ಜೀವಕೋಶಗಳು ಮೆಟಲೋಥಯೊನೀನ್ ಅನ್ನೋ ಪ್ರೋಟೀನ್ ಜಾಸ್ತಿ ತಯಾರು ಮಾಡ್ತವೆ, ಆ ಪ್ರೋಟೀನ್ ಜಿಂಕಿಗಿಂತ ತಾಮ್ರವನ್ನೇ ಗಟ್ಟಿಯಾಗಿ ಹಿಡ್ಕೊಳ್ಳತ್ತೆ, ಆಮೇಲೆ ಆ ಜೀವಕೋಶ ಉದುರಿದಾಗ ತಾಮ್ರನೂ ಮಲದ ಜೊತೆ ಹೋಗತ್ತೆ. ತಿಂಗಳುಗಟ್ಟಲೆ ಹೀಗೇ ನಡೆದ್ರೆ ರಕ್ತಹೀನತೆ ಬರತ್ತೆ, ಬಿಳಿ ರಕ್ತಕಣ ಕಮ್ಮಿ ಆಗತ್ತೆ, ನಡಿಗೆ ತಪ್ಪೋ ಮಟ್ಟಕ್ಕೆ ನರದ ತೊಂದರೇನೂ ಬರಬಹುದು. ಹಲ್ಲುಸೆಟ್ ಅಂಟಿಸೋ ಕ್ರೀಮ್‌ನಲ್ಲಿದ್ದ ಜಿಂಕ್‌ನಿಂದಲೇ ಕೆಲವರಿಗೆ ಹೀಗಾಗಿದ್ದು ವರದಿಯಾಗಿದೆ, ಅವರು ಮಾತ್ರೆನೇ ತಗೊಂಡಿರ್ಲಿಲ್ಲ.

ಬೀಟಾ ಕ್ಯಾರೊಟಿನ್ ತರಕಾರೀಲೇ ಇರೋದಲ್ವಾ, ಅದು ಹೇಗೆ ಕೆಟ್ಟದಾಗತ್ತೆ?

ಬೀಟಾ ಕ್ಯಾರೊಟಿನ್ ಅಂದ್ರೆ ನಮ್ಮ ದೇಹ ವಿಟಮಿನ್ ಎ ಆಗಿ ಮಾಡ್ಕೊಳ್ಳೋ ಪದಾರ್ಥ, ತರಕಾರೀಲಿ ಇದ್ರೆ ಒಳ್ಳೇದೇ. ಮಾತ್ರೆ ವಿಷಯ ಬೇರೆ, ಅದರಲ್ಲೂ ಸಿಗರೇಟ್ ಸೇದೋರಿಗೆ. ಕ್ಯಾರೊಟಿನ್ ಚೆನ್ನಾಗಿ ತಿನ್ನೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಕಂಡಿದ್ದಕ್ಕೆ ಮಾತ್ರೆ ಕೊಟ್ಟು ನೋಡೋಣ ಅಂತ ಫಿನ್ಲೆಂಡಲ್ಲಿ ಸುಮಾರು 29,000 ಗಂಡಸರ ಮೇಲೆ, ಎಲ್ಲರೂ ಸಿಗರೇಟ್ ಸೇದೋರು, ದೊಡ್ಡ ಅಧ್ಯಯನ ಮಾಡಿದ್ರು. 1994ರಲ್ಲಿ ಫಲಿತಾಂಶ ಬಂತು, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಕ್ಯಾನ್ಸರ್ ಕಮ್ಮಿ ಆಗೋದಿರ್ಲಿ ಶೇಕಡಾ 18ರಷ್ಟು ಜಾಸ್ತಿ ಆಗಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 18,000 ಜನರ ಮೇಲೆ ಇನ್ನೊಂದು ಅಧ್ಯಯನ ನಡೀತಿತ್ತು, ಸಿಗರೇಟ್ ಸೇದೋರು, ಹಿಂದೆ ಸೇದಿದ್ದವರು, ಕಲ್ನಾರು ಜೊತೆ ಕೆಲಸ ಮಾಡಿದ್ದವರು, ಅಲ್ಲೂ ಇದೇ ಥರ ಕಂಡಿದ್ದಕ್ಕೆ 1996ರಲ್ಲಿ ಅವಧಿಗೆ ಮುಂಚೆನೇ ಮಾತ್ರೆ ನಿಲ್ಲಿಸಿದ್ರು. ಒಳ್ಳೇದಾಗಲಿ ಅಂತಲೇ ಕೊಟ್ಟ ಮಾತ್ರೆ ಅದು. ಸಪ್ಲಿಮೆಂಟ್ ಬಗ್ಗೆ ಯಾರೇ "ತಗೊಂಡ್ರೆ ನಷ್ಟ ಏನಿದೆ" ಅಂದ್ರೂ ನನಗೆ ಈ ಎರಡು ಅಧ್ಯಯನ ನೆನಪಾಗತ್ತೆ.

ಗರ್ಭಿಣಿಯರು ಬೀಟಾ ಕ್ಯಾರೊಟಿನ್‌ಗಿಂತ ರೆಟಿನಾಲ್, ಅಂದ್ರೆ ನೇರವಾಗಿ ವಿಟಮಿನ್ ಎ ರೂಪದಲ್ಲೇ ಇರೋದು, ಅದರ ಬಗ್ಗೆ ಎಚ್ಚರ ಇಡ್ಬೇಕು. ಲೇಬಲ್ ಮೇಲೆ ರೆಟಿನೈಲ್ ಪಾಲ್ಮಿಟೇಟ್, ರೆಟಿನೈಲ್ ಅಸಿಟೇಟ್ ಅಂತ ಇರತ್ತೆ. ಇದು ದಿನಕ್ಕೆ 3000 ಮೈಕ್ರೋಗ್ರಾಂ, ಹಳೇ ಲೆಕ್ಕದಲ್ಲಿ 10,000 ಐಯು (ಇಂಟರ್‌ನ್ಯಾಷನಲ್ ಯೂನಿಟ್), ಇದಕ್ಕಿಂತ ಮೇಲೆ ಹೋದ್ರೆ ಮಗುವಿನ ಅಂಗಾಂಗ ಬೆಳವಣಿಗೆಗೆ ತೊಂದರೆ ಆಗಬಹುದು, ಅದೂ ಮೊದಲ ವಾರಗಳಲ್ಲೇ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗೋ ಮುಂಚೆನೇ. ಮೊಡವೆಗೆ ಐಸೊಟ್ರೆಟಿನಾಯ್ನ್ ತಗೊಳ್ಳೋರು ವಿಟಮಿನ್ ಎ ಇರೋ ಸಪ್ಲಿಮೆಂಟ್ ತಗೊಳ್ಳಲೇಬಾರದು, ಎರಡೂ ಒಂದೇ ಕುಲದ್ದು.

ಮತ್ತೆ ಬಸುರಿಯರು ಮಾತ್ರೆನೇ ತಗೊಳ್ಳಬಾರದಾ?

ಅಯ್ಯೋ ಹಾಗಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಬಸುರಿಗೆ ಮುಂಚಿನಿಂದಲೇ ತಗೊಳ್ಳಬೇಕು, ಮಗುವಿನ ಬೆನ್ನುಹುರಿ ಮೊದಲ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳತ್ತೆ, ಆಮೇಲೆ ಶುರು ಮಾಡಿದ್ರೆ ಆ ಕೆಲಸಕ್ಕೆ ತಡ ಆಗಿಹೋಗಿರತ್ತೆ. ಸಪ್ಲಿಮೆಂಟ್‌ಗಳಲ್ಲೇ ಇಷ್ಟು ಗಟ್ಟಿ ಪುರಾವೆ ಇರೋವು ಕಮ್ಮಿ. ಬಸುರಿಯರಿಗೆ ಅಂತಲೇ ಮಾಡಿರೋದನ್ನ, ಡಾಕ್ಟರ್ ಹೇಳಿದ್ದನ್ನ ತಗೊಳ್ಳಿ, ಅದರ ಮೇಲೆ ಕೂದಲ ಮಾತ್ರೆ ಚರ್ಮದ ಮಾತ್ರೆ ಸೇರಿಸ್ಬೇಡಿ ಅನ್ನೋದಷ್ಟೇ ನನ್ನ ಮಾತು. ಫೋಲಿಕ್ ಆಸಿಡ್ ಕೂಡ ನಮ್ಮಷ್ಟಕ್ಕೇ 1000 ದಾಟಿಸಬಾರದು, ಬಿ12 ಕೊರತೆ ಇದ್ದವರಲ್ಲಿ ರಕ್ತದ ರಿಪೋರ್ಟ್ ಚೆನ್ನಾಗಿ ಕಾಣೋ ಹಾಗೆ ಮಾಡಿ ಒಳಗೊಳಗೆ ನರದ ಹಾನಿ ಮುಂದುವರಿಯೋಕೆ ಬಿಡಬಹುದು.

ವಿಟಮಿನ್ ಡಿ ಎಷ್ಟು ತಗೊಂಡ್ರೂ ಒಳ್ಳೇದು ಅಂತಾರಲ್ಲ?

ಎಷ್ಟು ತಗೊಂಡ್ರೂ ಅಲ್ಲ. 70 ವರ್ಷದವರೆಗೆ 600 ಐಯು, ಆಮೇಲೆ 800, ಮಿತಿ 4000. 40 ಐಯು ಅಂದ್ರೆ 1 ಮೈಕ್ರೋಗ್ರಾಂ, ಕೆಲವು ಲೇಬಲ್ ಹಾಗೆ ಬರೀತಾರೆ, ಕೆಲವು ಹೀಗೆ, ಗಮನ ಇರ್ಲಿ. ಕೊರತೆ ಇದ್ದವರಿಗೆ ಡಾಕ್ಟರ್ ದೊಡ್ಡ ಡೋಸ್ ಕೊಡ್ತಾರೆ, ಅದು ಕೆಲವು ವಾರದ ಲೆಕ್ಕ. ವಾರಕ್ಕೊಂದು ತಗೊಳ್ಳಿ ಅಂದಿದ್ದನ್ನ ದಿನಾ ನುಂಗಿ ಆಸ್ಪತ್ರೆ ಸೇರಿದವರಿದಾರೆ. ಜಾಸ್ತಿ ಆದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರತ್ತೆ, ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಮಂಕು, ಕೊನೆಗೆ ಕಿಡ್ನಿ.

ವಿಟಮಿನ್ ಇ?

ಅದನ್ನ ಬೇರೆಯಾಗಿ ದೊಡ್ಡ ಡೋಸಲ್ಲಿ ತಗೊಳ್ಳೋಕೆ ಸಾಮಾನ್ಯ ಆರೋಗ್ಯವಂತರಿಗೆ ಕಾರಣ ಇಲ್ಲ. ಸುಮಾರು 35,000 ಗಂಡಸರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದ 2011ರ ವರದೀಲಿ ದಿನಕ್ಕೆ 400 ಐಯು ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ ಕಂಡಿತ್ತು. ಮಲ್ಟಿವಿಟಮಿನ್‌ನಲ್ಲಿ ಇರೋ ಸಣ್ಣ ಪ್ರಮಾಣ ಪರವಾಗಿಲ್ಲ.

ಐರನ್ ಇರೋ ಮಾತ್ರೆ ತಗೊಳ್ಳಬೇಕಾ, ಇಲ್ಲದ್ದಾ?

ಇದು ಯಾರು ತಗೋತಾರೆ ಅನ್ನೋದರ ಮೇಲಿದೆ. ಮುಟ್ಟಾಗೋ ಹೆಂಗಸರಿಗೆ ದಿನಕ್ಕೆ 18 ಮಿಲಿಗ್ರಾಂ, ಬಸುರಿಯರಿಗೆ 27, ಗಂಡಸರಿಗೆ ಮತ್ತು ಮುಟ್ಟು ನಿಂತವರಿಗೆ ಬರೀ 8. ದೇಹಕ್ಕೆ ಹೆಚ್ಚುವರಿ ಕಬ್ಬಿಣಾಂಶ ಹೊರಗೆ ಹಾಕೋ ದಾರಿ ಇಲ್ಲ, ರಕ್ತ ಹೋದ್ರೆ ಮಾತ್ರ ಹೋಗತ್ತೆ, ಅದಕ್ಕೇ ಗಂಡಸರಿಗೆ ಮತ್ತು ವಯಸ್ಸಾದವರಿಗೆ ಅಂತ ಮಾಡೋ ಮಲ್ಟಿವಿಟಮಿನ್‌ಗಳಲ್ಲಿ ಐರನ್ ಸಾಮಾನ್ಯವಾಗಿ ಹಾಕಿರಲ್ಲ. ಹಿಮೊಕ್ರೊಮಟೋಸಿಸ್ ಅಂತ ಒಂದು ವಂಶಪಾರಂಪರ್ಯ ಕಾಯಿಲೆ ಇದೆ, ಅವರ ಕರುಳು ಕಬ್ಬಿಣಾಂಶವನ್ನ ಬೇಕಾದ್ದಕ್ಕಿಂತ ಜಾಸ್ತಿ ಎಳ್ಕೊಳ್ಳತ್ತೆ, ಲಿವರ್ ಹೃದಯದಲ್ಲಿ ತುಂಬ್ಕೊಳ್ಳತ್ತೆ, ಎಷ್ಟೋ ಜನಕ್ಕೆ ಅದು ಇರೋದೇ ಗೊತ್ತಿರಲ್ಲ. ಸುಸ್ತು ಅಂದ ಕೂಡ್ಲೇ ಐರನ್ ಶುರು ಮಾಡ್ಬೇಡಿ, ಮೊದಲು ಹಿಮೊಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟಿರೋ ಕಬ್ಬಿಣಾಂಶ ತೋರಿಸೋದು) ಟೆಸ್ಟ್ ಮಾಡಿಸಿ.

ಫೆರಸ್ ಫ್ಯೂಮರೇಟ್ 200 ಮಿಲಿಗ್ರಾಂ ಅಂತಿದೆ, ಮಿತಿ 45 ಅಂತ ಓದಿದೆ, ಇದು ಓವರ್‌ಡೋಸಾ?

ಒಳ್ಳೇ ಪ್ರಶ್ನೆ, ಇಲ್ಲಿ ತುಂಬಾ ಜನ ಎಡವ್ತಾರೆ. 200 ಅನ್ನೋದು ಕಬ್ಬಿಣಾಂಶ ಮತ್ತು ಅದರ ಜೊತೆ ಸೇರಿರೋ ಫ್ಯೂಮರೇಟ್ ಎರಡರ ಒಟ್ಟು ತೂಕ, ಅದರಲ್ಲಿ ನಿಜವಾದ ಕಬ್ಬಿಣಾಂಶ ಮೂರನೇ ಒಂದು ಭಾಗ, ಸುಮಾರು 65 ಮಿಲಿಗ್ರಾಂ. ಲೇಬಲ್‌ನಲ್ಲಿ "ಎಲಿಮೆಂಟಲ್" ಅಂತ ಬರೆದಿರೋ ಅಂಕಿ ಹುಡುಕಿ, ಲೆಕ್ಕ ಮಾಡೋದು ಅದನ್ನೇ. ಹಾಗೇ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂದ್ರೆ ಕ್ಯಾಲ್ಸಿಯಂ 500. ಇನ್ನು 65 ಅನ್ನೋದು 45ಕ್ಕಿಂತ ಜಾಸ್ತಿ ಆಯ್ತಲ್ಲ ಅಂದ್ರೆ, ಹೌದು, ಅದು ರಕ್ತಹೀನತೆಗೆ ಚಿಕಿತ್ಸೆಯಾಗಿ ಕೊಡೋ ಡೋಸ್, ಡಾಕ್ಟರ್ ನೋಡ್ಕೊಂಡು ಕೊಡೋದು. 45ರ ಮಿತಿ ನಾವಾಗೇ ತಗೊಳ್ಳೋರಿಗೆ.

ಸೆಲೆನಿಯಂ ಬಗ್ಗೆ ಯಾಕೆ ಅಷ್ಟು ಎಚ್ಚರಿಕೆ?

ಬೇಕಿರೋದೇ ಚಿಟಿಕೆಗಿಂತ ಕಮ್ಮಿ, ದಿನಕ್ಕೆ 55 ಮೈಕ್ರೋಗ್ರಾಂ. ಮಿತಿ ಅಮೆರಿಕದ ಲೆಕ್ಕದಲ್ಲಿ 400, ಇಎಫ್‌ಎಸ್‌ಎ 2023ರ ಲೆಕ್ಕದಲ್ಲಿ 255. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಸಪ್ಲಿಮೆಂಟ್‌ನಲ್ಲಿ ಮಿಶ್ರಣ ಮಾಡುವಾಗ ತಪ್ಪಾಗಿ ಲೇಬಲ್ ಮೇಲೆ ಬರೆದಿದ್ದರ 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು, 10 ರಾಜ್ಯಗಳಲ್ಲಿ 201 ಜನಕ್ಕೆ ತೊಂದರೆ ಆಯ್ತು. ಭೇದಿ, ಸುಸ್ತು, ಕೂದಲು ಉದುರೋದು, ಕೀಲು ನೋವು, ಉಗುರು ಬಣ್ಣ ಕೆಡೋದು. ಮೈಕ್ರೋಗ್ರಾಂ ಲೆಕ್ಕದಲ್ಲಿ ತೂಗೋ ಪದಾರ್ಥದಲ್ಲಿ ತೂಕ ತಪ್ಪಿದ್ರೆ ಹೀಗೆ, ತಗೊಂಡವರು ಲೇಬಲ್ ಎಷ್ಟು ಓದಿದ್ರೂ ಗೊತ್ತಾಗೋ ಹಾಗಿರ್ಲಿಲ್ಲ. ಅದಕ್ಕೇ ಮುಂದಿನ ಪ್ರಶ್ನೆ ಮುಖ್ಯ.

ಲೇಬಲ್‌ನಲ್ಲಿ ಇರೋದೇ ಒಳಗಿದೆ ಅಂತ ಹೇಗೆ ನಂಬೋದು? ಸೀಸ ಪಾದರಸ ಎಲ್ಲಾ ಇರತ್ತಂತೆ?

ಖನಿಜ ಅಂದ್ರೆ ಮಣ್ಣು ಕಲ್ಲು ಚಿಪ್ಪಿಂದ ಬಂದಿದ್ದು, ಜೊತೆಗೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಸ್ವಲ್ಪ ಸ್ವಲ್ಪ ಬರಬಹುದು. ಹಿಂದೆ ಮೂಳೆ ಪುಡಿ, ಡೋಲೊಮೈಟ್, ಸಿಂಪಿ ಚಿಪ್ಪಿನ ಕ್ಯಾಲ್ಸಿಯಂಗಳಲ್ಲಿ ಸೀಸ ಸಿಕ್ಕಿದ್ದು ದಾಖಲಾಗಿದೆ. ಕಂಪನಿಗೆ ಸಂಬಂಧ ಇಲ್ಲದ ಮೂರನೆಯವರು ಪರೀಕ್ಷೆ ಮಾಡಿ ಕೊಡೋ ಮುದ್ರೆ ನೋಡಿ, ಯುಎಸ್‌ಪಿ, ಎನ್‌ಎಸ್‌ಎಫ್ ಥರದ್ದು. ಅವರು ನೋಡೋದು ಹೇಳಿದ ಪದಾರ್ಥ ಹೇಳಿದಷ್ಟು ಇದೆಯಾ, ಸೀಸ ಇತ್ಯಾದಿ ಮಿತಿಯೊಳಗಿದೆಯಾ ಅಂತ. ಯುಎಸ್‌ಪಿ ಆದ್ರೆ ಮಾತ್ರೆ ಹೊಟ್ಟೇಲಿ ಕರಗತ್ತಾ ಅಂತಲೂ ನೋಡ್ತಾರೆ. ಮುದ್ರೆ ಇದ್ರೆ ಆ ಮಾತ್ರೆ ನಿಮಗೆ ಬೇಕು ಅಂತ ಅರ್ಥ ಅಲ್ಲ, ಒಳಗಿರೋದು ಲೇಬಲ್ ಹೇಳಿದ್ದೇ ಅಂತ ಮಾತ್ರ. "ವೈದ್ಯರು ಮೆಚ್ಚಿದ್ದು", "ಲ್ಯಾಬ್ ಪರೀಕ್ಷಿತ" ಅಂತ ಬರೀ ಅಕ್ಷರದಲ್ಲಿ ಬರೆದಿದ್ರೆ ಅದಕ್ಕೆ ಬೆಲೆ ಕೊಡ್ಬೇಡಿ, ಯಾವ ಲ್ಯಾಬ್, ಯಾವ ಬ್ಯಾಚ್ ಅಂತ ಕೇಳಿ.

ಕೆಳಗೆ ಸಣ್ಣಕ್ಷರದಲ್ಲಿ ಮೆಗ್ನೀಸಿಯಂ ಸ್ಟಿಯರೇಟ್, ಸಿಲಿಕಾನ್ ಡೈಆಕ್ಸೈಡ್ ಅಂತೆಲ್ಲಾ ಇದೆ, ಇವೇ ವಿಷ ಅಂತ ವಿಡಿಯೋ ನೋಡಿದೆ?

ವಿಡಿಯೋ ಬಿಡಿ. ಸ್ಟಿಯರೇಟ್ ಪುಡಿ ಯಂತ್ರಕ್ಕೆ ಅಂಟದ ಹಾಗೆ, ಸಿಲಿಕಾನ್ ಡೈಆಕ್ಸೈಡ್ ಗಂಟು ಕಟ್ಟದ ಹಾಗೆ, ಮೈಕ್ರೋಕ್ರಿಸ್ಟಲಿನ್ ಸೆಲ್ಯುಲೋಸ್ ಮಾತ್ರೆಗೆ ಗಾತ್ರ ಕೊಡೋಕೆ, ಕ್ರಾಸ್‌ಕಾರ್ಮೆಲೋಸ್ ಹೊಟ್ಟೇಲಿ ಒಡೆಯೋಕೆ. ಸಾಮಾನ್ಯ ಔಷಧಿ ಮಾತ್ರೆಗಳಲ್ಲೂ ಇವೇ ಇರ್ತವೆ, ಇಷ್ಟು ಸಣ್ಣ ಪ್ರಮಾಣದಲ್ಲಿ ಚಿಂತೆ ಬೇಡ.

ಟೈಟೇನಿಯಂ ಡೈಆಕ್ಸೈಡ್ ಮಾತ್ರ ಬೇರೆ ಮಾತು. ಮಾತ್ರೆಗೆ ಬೆಳ್ಳಗೆ ಹೊಳಪು ಕೊಡೋಕೆ ಹಾಕ್ತಾರೆ. ವಂಶವಾಹಿಗೆ ಹಾನಿ ಮಾಡಬಹುದು ಅನ್ನೋ ಅನುಮಾನ ತಳ್ಳಿಹಾಕೋಕೆ ಆಗಲ್ಲ ಅಂತ 2021ರಲ್ಲಿ ಇಎಫ್‌ಎಸ್‌ಎ ಹೇಳ್ತು, 2022ರಲ್ಲಿ ಯುರೋಪಿಯನ್ ಒಕ್ಕೂಟ ಆಹಾರ ಮತ್ತು ಸಪ್ಲಿಮೆಂಟ್‌ನಲ್ಲಿ ನಿಷೇಧಿಸ್ತು, ಅಮೆರಿಕದಲ್ಲಿ ತೂಕದ 1 ಪರ್ಸೆಂಟ್‌ವರೆಗೆ ಈಗಲೂ ಬಿಟ್ಟಿದಾರೆ. ಬಣ್ಣದಿಂದ ನಮಗೇನೂ ಉಪಯೋಗ ಇಲ್ಲವಾದ್ದರಿಂದ ಅದಿಲ್ಲದ್ದು ಸಿಕ್ರೆ ಅದನ್ನೇ ತಗೊಳ್ಳಿ ಅಂತೀನಿ.

ಸಸ್ಯಾಹಾರಿಗಳು ಕ್ಯಾಪ್ಸೂಲ್ ಗಮನಿಸಿ, ಜೆಲಾಟಿನ್ ಅಂದ್ರೆ ಪ್ರಾಣಿ ಚರ್ಮ ಮೂಳೆಯಿಂದ ಮಾಡಿದ್ದು, ಎಚ್‌ಪಿಎಂಸಿ ಅಂದ್ರೆ ಗಿಡದ ಮೂಲದ್ದು. ಫಿನೈಲ್‌ಕೀಟೋನ್ಯೂರಿಯ ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ ಇರೋ ಮಕ್ಕಳ ಮನೇಲಿ ಅಗಿಯೋ ಮಾತ್ರೇಲಿ ಸಿಹಿಗೆ ಹಾಕೋ ಆಸ್ಪಾರ್ಟೇಮ್ ಇದೆಯಾ ಅಂತ ನೋಡಿ, ಅವರಿಗೆ ಅದು ಆಗಲ್ಲ. ನಾಯಿ ಸಾಕಿರೋರು ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇರೋ ಗಮ್ಮಿ ನಾಯಿಗೆ ಸಿಗದ ಹಾಗಿಡಿ, ಅದಕ್ಕೆ ಪ್ರಾಣಾಪಾಯ.

"ನ್ಯಾಚುರಲ್" ಅಂತ ಬರೆದಿದ್ರೆ ಸೇಫ್ ಅಲ್ವಾ?

ಸಮುದ್ರಪಾಚಿಯಿಂದ ಬಂದ ಅಯೋಡಿನ್ ಪೂರ್ತಿ ನ್ಯಾಚುರಲ್, ಆದ್ರೆ ಪಾಚಿಯಿಂದ ಪಾಚಿಗೆ ಪ್ರಮಾಣ ಬದಲಾಗತ್ತೆ, ಥೈರಾಯ್ಡ್ ಅದರಿಂದಲೇ ಕೆಡಬಹುದು. ದಿನಕ್ಕೆ ಬೇಕಿರೋದು 150 ಮೈಕ್ರೋಗ್ರಾಂ ಅಷ್ಟೇ, ಮಿತಿ 1100. ಇನ್ನು ಮಲ್ಟಿವಿಟಮಿನ್ ಜೊತೆ ಎನರ್ಜಿ ಬ್ಲೆಂಡ್, ಸ್ಲಿಮ್ ಬ್ಲೆಂಡ್ ಅಂತ ಗಿಡಮೂಲಿಕೆ ಸೇರಿಸಿರ್ತಾರೆ. ಬ್ಲೆಂಡ್ ಅಂದ್ರೆ ಒಟ್ಟು ತೂಕ ಮಾತ್ರ ಹೇಳಿ ಒಂದೊಂದು ಎಷ್ಟು ಅನ್ನೋದನ್ನ ಹೇಳದೇ ಇರೋದು. ಗ್ರೀನ್ ಟೀ ಸಾರದಲ್ಲಿರೋ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಲಿವರ್‌ಗೆ ತೊಂದರೆ ಲಕ್ಷಣ ಕಾಣಬಹುದು ಅಂತ ಇಎಫ್‌ಎಸ್‌ಎ 2018ರಲ್ಲಿ ಹೇಳಿದೆ, ಬ್ಲೆಂಡ್‌ನಲ್ಲಿ ಅದು ಎಷ್ಟಿದೆ ಅಂತ ನೀವು ಹೇಗೆ ನೋಡ್ತೀರಾ? ಎಷ್ಟಿದೆ ಅಂತ ಹೇಳದ ಬಾಟಲಿ ನಾನು ವಾಪಸ್ ಇಡ್ತೀನಿ.

ಬೇರೆ ಔಷಧಿ ಜೊತೆ ತಗೋಬಹುದಾ?

ಔಷಧಿ ನೋಡ್ಬೇಕು. ರಕ್ತ ಹೆಪ್ಪುಗಟ್ಟದಿರೋಕೆ ವಾರ್ಫರಿನ್ ತಗೊಳ್ಳೋರಿಗೆ ವಿಟಮಿನ್ ಕೆ ಒಂದು ದಿನ ಇದ್ದು ಒಂದು ದಿನ ಇಲ್ಲದಿದ್ರೆ ಡೋಸೇ ತಪ್ಪಿಹೋಗತ್ತೆ, ಡಾಕ್ಟರ್‌ಗೆ ಹೇಳದೆ ಶುರುನೂ ಮಾಡ್ಬೇಡಿ, ನಿಲ್ಲಿಸ್ಲೂಬೇಡಿ. ಥೈರಾಯ್ಡ್ ಮಾತ್ರೆ ಅಂದ್ರೆ ಲೆವೊಥೈರಾಕ್ಸಿನ್‌ಗೂ ಕ್ಯಾಲ್ಸಿಯಂ ಐರನ್ ಇರೋ ಮಾತ್ರೆಗೂ 4 ಗಂಟೆ ಅಂತರ ಬೇಕು, ಇಲ್ಲದಿದ್ರೆ ಹೊಟ್ಟೇಲೇ ಅಂಟ್ಕೊಂಡು ದೇಹಕ್ಕೆ ಸೇರಲ್ಲ. ಸಿಪ್ರೊಫ್ಲಾಕ್ಸಸಿನ್ ಆಂಟಿಬಯಾಟಿಕ್ ಆದ್ರೆ ಅದನ್ನ ಖನಿಜದ ಮಾತ್ರೆಗೆ 2 ಗಂಟೆ ಮುಂಚೆ ಇಲ್ಲವೇ 6 ಗಂಟೆ ಆದ್ಮೇಲೆ. ಕಿಡ್ನಿ ಕಾಯಿಲೆ ಇದ್ದವರು ಮಾಮೂಲಿ ಮಲ್ಟಿವಿಟಮಿನ್ ತಗೊಳ್ಳೋದೇ ಬೇಡ, ಪೊಟ್ಯಾಷಿಯಂ, ಮೆಗ್ನೀಸಿಯಂ, ವಿಟಮಿನ್ ಎ ಒಳಗೇ ತುಂಬ್ಕೊಳ್ಳತ್ತೆ, ಅವರಿಗೆ ಅಂತ ಬೇರೆನೇ ಇರತ್ತೆ.

ರಕ್ತ ಪರೀಕ್ಷೆಗೆ ಹೋಗುವಾಗ ಹೇಳ್ಬೇಕಾ?

ಖಂಡಿತ ಹೇಳಿ, ಅದರಲ್ಲೂ ಬಯೋಟಿನ್ (ಇದೂ ಒಂದು ಬಿ ವಿಟಮಿನ್) ಇದ್ರೆ. ದಿನಕ್ಕೆ 30 ಮೈಕ್ರೋಗ್ರಾಂ ಸಾಕಾಗೋ ಬಯೋಟಿನ್ ಕೂದಲು ಉಗುರಿನ ಮಾತ್ರೆಗಳಲ್ಲಿ 5,000, 10,000 ಅಂತ ಇರತ್ತೆ. ದೇಹಕ್ಕೆ ಅದರಿಂದ ಹಾನಿ ಕಂಡಿಲ್ಲ, ಆದ್ರೆ ಲ್ಯಾಬ್‌ನ ಎಷ್ಟೋ ಟೆಸ್ಟ್‌ಗಳು ಬಯೋಟಿನ್ ಅಂಟೋ ಗುಣವನ್ನೇ ಬಳಸ್ತವೆ, ರಕ್ತದಲ್ಲಿ ಅದು ಜಾಸ್ತಿ ಇದ್ರೆ ರಿಸಲ್ಟ್ ಸುಳ್ಳಾಗತ್ತೆ. ಥೈರಾಯ್ಡ್ ಸರಿ ಇದ್ದವರಿಗೂ ಕೆಟ್ಟಿದೆ ಅಂತ ಬರಬಹುದು. ಅದಕ್ಕಿಂತ ಭಯ ಅಂದ್ರೆ ಹೃದಯಾಘಾತ ಕಂಡುಹಿಡಿಯೋ ಟ್ರೊಪೊನಿನ್ ನಿಜಕ್ಕಿಂತ ಕಮ್ಮಿ ತೋರಿಸಬಹುದು. 2017ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಡ್ತು, ಹಾಗೆ ತಪ್ಪು ರಿಸಲ್ಟ್ ಬಂದು ಒಬ್ಬರು ತೀರಿಕೊಂಡ ವರದೀನೂ ಅದರಲ್ಲಿತ್ತು. ಥೈರಾಯ್ಡ್ ಟೆಸ್ಟ್‌ಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಎದೆ ನೋವು ಅಂತ ಹೋದಾಗ ನಿಲ್ಲಿಸೋಕೆ ಟೈಮ್ ಇರಲ್ಲ, ಬಾಯಿಬಿಟ್ಟು ಹೇಳ್ಬೇಕು ಅಷ್ಟೇ, ಮನೆಯವರಿಗೂ ಗೊತ್ತಿರ್ಲಿ.

ಇಷ್ಟೆಲ್ಲಾ ಇದ್ರೆ ತಗೊಳ್ಳೋದೇ ಬೇಡ್ವಾ?

ಆರೋಗ್ಯವಾಗಿದ್ದು ಊಟ ಸರಿಯಾಗಿ ಮಾಡೋರಿಗೆ ಹೃದಯ ಕಾಯಿಲೆ ಕ್ಯಾನ್ಸರ್ ತಡೆಯೋಕೆ ಮಲ್ಟಿವಿಟಮಿನ್ ಉಪಯೋಗ ಇದೆ ಅಂತಲೂ ಇಲ್ಲ ಅಂತಲೂ ಹೇಳೋಕೆ ಪುರಾವೆ ಸಾಲದು ಅಂತ ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿದೆ, ಅದೇ ಸಮಿತಿ ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಈ ಉದ್ದೇಶಕ್ಕೆ ತಗೊಳ್ಳಬೇಡಿ ಅಂತ ಸ್ಪಷ್ಟವಾಗೇ ಹೇಳ್ತು. ಬಸುರಿಯರು, ಪ್ರಾಣಿಮೂಲದ ಆಹಾರ ಪೂರ್ತಿ ಬಿಟ್ಟವರು, ಹೊಟ್ಟೆ ಕರುಳಿನ ಆಪರೇಷನ್ ಆದವರು, ಊಟ ಸೇರದ ವಯಸ್ಸಾದವರು, ಇವರಿಗೆ ನಿಜವಾಗ್ಲೂ ಬೇಕಾಗತ್ತೆ. ಎಲ್ಲಾ ಪದಾರ್ಥ 100 ಪರ್ಸೆಂಟ್ ಆಸುಪಾಸಲ್ಲಿರೋ ಸಾದಾ ಮಾತ್ರೆ ಒಂದೇ ಒಂದು, ಊಟದ ಜೊತೆ. ಅಷ್ಟಕ್ಕೆ ನನ್ನ ತಕರಾರಿಲ್ಲ.

ಮಗು ಬಾಟಲಿ ತೆಗೆದು ನುಂಗ್ಬಿಟ್ಟಿದೆ, ಏನು ಮಾಡೋದು?

ಮೊದಲು ನೋಡ್ಬೇಕಾಗಿದ್ದು ಐರನ್ ಇದೆಯಾ ಅಂತ. ಕೆಂಪಗೆ ಸಿಹಿ ಲೇಪನ ಇರೋ ಮಾತ್ರೆ ಮಗುವಿನ ಕಣ್ಣಿಗೆ ಮಿಠಾಯಿನೇ. 6 ವರ್ಷದೊಳಗಿನ ಮಕ್ಕಳಲ್ಲಿ ಸಾವು ತರೋ ವಿಷಪ್ರಾಶನಕ್ಕೆ ಐರನ್ ಮಾತ್ರೆ ಮುಖ್ಯ ಕಾರಣ ಆಗಿತ್ತು ಅಂತಲೇ 1997ರಲ್ಲಿ ಎಫ್‌ಡಿಎ ಅಂಥ ಬಾಟಲಿ ಮೇಲೆ ಎಚ್ಚರಿಕೆ ಬರೆಯೋದು ಕಡ್ಡಾಯ ಮಾಡಿದ್ದು. ಮಗುವಿನ ತೂಕಕ್ಕೆ ಕಿಲೋಗೆ 20 ಮಿಲಿಗ್ರಾಂ ಕಬ್ಬಿಣಾಂಶ ದಾಟಿದ್ರೆ ತೊಂದರೆ ಶುರು, 60 ದಾಟಿದ್ರೆ ಜೀವಕ್ಕೇ ಅಪಾಯ. 10 ಕಿಲೋ ಮಗುವಿಗೆ 200 ಮಿಲಿಗ್ರಾಂ ಅಂದ್ರೆ 65 ಮಿಲಿಗ್ರಾಂನ ಮಾತ್ರೆ ಮೂರೋ ನಾಲ್ಕೋ ಅಷ್ಟೇ.

ಮೊದಲು ವಾಂತಿ, ಹೊಟ್ಟೆನೋವು, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದ ಹಾಗೆ ಕಾಣತ್ತೆ, ಆಟ ಆಡೋಕೂ ಶುರು ಮಾಡಬಹುದು, ಇಲ್ಲೇ ಮನೆಯವರು ಮೋಸ ಹೋಗೋದು, ಒಳಗೆ ಲಿವರ್‌ಗೆ ಹಾನಿ ನಡೀತಾನೇ ಇರತ್ತೆ. ಹಾಗಾಗಿ ಚೆನ್ನಾಗಿದೆ ಅಂತ ಕಾಯ್ಬೇಡಿ. ಬೆರಳು ಹಾಕಿ ವಾಂತಿ ಮಾಡಿಸ್ಬೇಡಿ. ಬೇರೆ ವಿಷ ಹೀರಿಕೊಳ್ಳೋಕೆ ಕೊಡೋ ಇದ್ದಿಲಿನ ಪುಡಿ ಐರನ್‌ಗೆ ಅಂಟಲ್ಲ, ಅದನ್ನ ಕೊಟ್ಟು ಟೈಮ್ ಕಳೀಬೇಡಿ. ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ ಅಥವಾ ಸೀದಾ ಎಮರ್ಜೆನ್ಸಿಗೆ ಹೋಗಿ, ಅಲ್ಲಿ ರಕ್ತದಿಂದ ಕಬ್ಬಿಣಾಂಶ ತೆಗೆಯೋ ಡೆಫೆರಾಕ್ಸಮಿನ್ ಅನ್ನೋ ಔಷಧಿ ಇದೆ. ಬಾಟಲಿ ಜೊತೇಲೇ ತಗೊಂಡು ಹೋಗಿ, ನೆಲದ ಮೇಲೆ ಮಂಚದ ಕೆಳಗೆ ಬಿದ್ದಿರೋ ಮಾತ್ರೆಗಳನ್ನೂ ಯಾರಾದ್ರೂ ಒಬ್ಬರು ಹುಡುಕಿ ಎಣಿಸಿ ಫೋನಲ್ಲಿ ಹೇಳ್ಲಿ. ಎಷ್ಟು ನುಂಗಿದೆ, ಎಷ್ಟು ಹೊತ್ತಿಗೆ, ಮಗು ಎಷ್ಟು ಕಿಲೋ, ಡಾಕ್ಟರ್ ಮೊದಲು ಕೇಳೋದು ಈ ಮೂರೇ.